ಸಹಾಯ ಬೇಕು: 35 ಇಂಚು ಟೈರಿಗೆ 4.10 ಗೇರ್ ಅನುಪಾತ ಸಾಕಾ, 4.56 ಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ಪಿಕಪ್ಪನ್ನು 4 ಇಂಚು ಎತ್ತರಿಸಿ, 31 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದ್ದೇನೆ. ನೋಡೋಕೆ ಚೆನ್ನಾಗಿದೆ, ಓಡಿಸೋಕೆ ಅಲ್ಲ. ಆಕ್ಸಲ್‌ಗಳು ಎರಡೂ ಡಾನಾ 44 ಮಾದರಿಯವು, ಅವುಗಳ ಗೇರ್ ಅನುಪಾತ ಇನ್ನೂ ಹಳೆಯ 3.73 (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ 3.73 ಸುತ್ತು). ಏರಿನಲ್ಲಿ ಗಾಡಿ ಉಸಿರು ಬಿಡುತ್ತದೆ, ಟಾಪ್ ಗೇರ್ ಸುಮ್ನೆ ಇದೆ ಅಷ್ಟೇ.

ಲೆಕ್ಕ ಹಾಕಿದರೆ ಈಗ 3.30 ಇದ್ದ ಹಾಗೆ ಆಗಿದೆ. ಮೊದಲಿನ ಎಳೆತ ಬರಬೇಕಾದರೆ ಸುಮಾರು 4.21 ಬೇಕು, ಅಂದರೆ 4.10 ಸ್ವಲ್ಪ ಕಡಿಮೆ, 4.56 ಸ್ವಲ್ಪ ಜಾಸ್ತಿ. ಟೈರ್ ಭಾರ, ಗಾಳಿಯ ತಡೆ ಎರಡೂ ಹೆಚ್ಚಿರುವುದರಿಂದ ನನ್ನ ಮನಸ್ಸು 4.56 ಕಡೆಗಿದೆ. ಆದರೆ ಹೆದ್ದಾರಿಯಲ್ಲೇ ಜಾಸ್ತಿ ಓಡಿಸುವವನು ನಾನು, ಆರ್‌ಪಿಎಂ ಕಿರಿಕಿರಿ ಆಗುತ್ತಾ?

ಇನ್ನು ಲಾಕರ್, ಅಂದರೆ ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಸಾಧನ. ಡಾನಾ 44ರಲ್ಲಿ 3.73ರಿಂದ ಮೇಲೆ ಹೋದರೆ ಕ್ಯಾರಿಯರ್ (ಆಕ್ಸಲ್ ಒಳಗೆ ಗೇರ್ ಕೂರುವ ಭಾಗ) ಸಾಮಾನ್ಯವಾಗಿ ಬದಲಾಗಬೇಕು, ಹಾಗಾದರೆ ಅದೇ ದುಡ್ಡಲ್ಲಿ ಲಾಕರ್ ಕೂರಿಸಿಬಿಡೋಣ ಅಂತ. ಹಿಂದಕ್ಕೆ ತಾನಾಗೇ ಲಾಕ್ ಆಗುವ ಆಟೋಮ್ಯಾಟಿಕ್ ಸಾಕಾ, ಮಳೆಯಲ್ಲಿ ತಿರುವಿನಲ್ಲಿ ಹಿಂಬದಿ ಜಾರುತ್ತಾ? ಮುಂದಕ್ಕಂತೂ ಸ್ವಿಚ್ ಇರುವುದೇ ಬೇಕು, ಲಾಕ್ ಆದಾಗ ಸ್ಟೀರಿಂಗ್ ತಿರುಗಿಸೋದು ಕುಸ್ತಿ ಆಡಿದಂತೆ. ಏರ್ ಲಾಕರ್ರಾ, ಎಲೆಕ್ಟ್ರಿಕ್ಕಾ? ಹಾಕಿಸಿ ಒಂದೆರಡು ವರ್ಷ ಓಡಿಸಿದವರು ಹೇಳಿ ಪ್ಲೀಸ್.