ಸಹಾಯ ಬೇಕು: ಹಾಡುಗಳಿವೆ, ಪ್ಲೇಲಿಸ್ಟ್‌ಗೆ ಮಾತ್ರ ಕಾಣುತ್ತಿಲ್ಲ

ಸುಮಾರು 40 ಸಾವಿರ ಹಾಡುಗಳನ್ನು ಹಳೆಯ ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ) ಡಿಸ್ಕ್‌ನಿಂದ ಲಿನಕ್ಸ್ ಸರ್ವರ್‌ಗೆ ಆರ್‌ಸಿಂಕ್‌ನಲ್ಲಿ ಕಾಪಿ ಮಾಡಿದ್ದೇನೆ. ಪ್ಲೇಲಿಸ್ಟ್‌ಗಳೆಲ್ಲ ಎಂ3ಯು8 (ಹಾಡುಗಳ ಪಾಥ್‌ಗಳನ್ನು ಪಟ್ಟಿ ಮಾಡುವ ಪಠ್ಯ ಫೈಲ್), ಯುಟಿಎಫ್-8ರಲ್ಲೇ ಇವೆ. ಪೂರ್ತಿ ಪಾಥ್ ಕಿತ್ತು ರಿಲೇಟಿವ್ ಪಾಥ್ ಹಾಕಿದ್ದಾಯ್ತು, ಪ್ಲೇಲಿಸ್ಟ್ ಫೋಲ್ಡರ್ ಬೇರೆ ಕಡೆ ಬ್ಯಾಕಪ್ ಇದೆ.

ಇಂಗ್ಲಿಷ್ ಹೆಸರಿನ ಫೈಲ್‌ಗಳು ಸಲೀಸಾಗಿ ಪ್ಲೇ ಆಗುತ್ತವೆ. ಕನ್ನಡ ಹೆಸರಿನವುಗಳಲ್ಲಿ ೀ, ೇ, ೈ, ೊ, ೋ ಇರುವವು ಮಾತ್ರ 'ಫೈಲ್ ಸಿಗಲಿಲ್ಲ'. ಹೆಕ್ಸ್‌ನಲ್ಲಿ ನೋಡಿದರೆ ಪ್ಲೇಲಿಸ್ಟ್‌ನಲ್ಲಿ ೋ ಒಂದೇ ಕೋಡ್ (0ಸಿಸಿಬಿ), ಫೈಲ್ ಹೆಸರಿನಲ್ಲಿ ಅದೇ ೋ ಮೂರು ತುಂಡು (0ಸಿಸಿ6, 0ಸಿಸಿ2, 0ಸಿಡಿ5). ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಹಳೆಯ ಡಿಸ್ಕ್ ಹೆಸರುಗಳನ್ನು ಎನ್‌ಎಫ್‌ಡಿ ಎಂಬ ಯೂನಿಕೋಡ್ ರೂಪಕ್ಕೆ (ಅಕ್ಷರ ತುಂಡು ತುಂಡಾಗಿ) ಬಿಡಿಸಿಟ್ಟಿತ್ತು, ಪ್ಲೇಲಿಸ್ಟ್ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿದ ರೂಪ).

ಫೈಲ್ ಹೆಸರುಗಳ ಎನ್‌ಕೋಡಿಂಗ್ ಬದಲಿಸುವ ಕಾನ್ವ್‌ಎಂವಿ ಟೂಲ್‌ನಲ್ಲಿ ಎನ್‌ಎಫ್‌ಸಿ ಆಯ್ಕೆ ಕೊಟ್ಟು ನೋಡಿದೆ. ನೋಟೆಸ್ಟ್ ಆಯ್ಕೆ ಹಾಕದ ಹೊರತು ಅದು ಏನನ್ನೂ ಬದಲಿಸುವುದಿಲ್ಲ (ಪುಣ್ಯ!), ಬದಲಾಗಬೇಕಾದ ಹೆಸರುಗಳ ಪಟ್ಟಿಯಂತೂ ಸರಿಯಾಗಿಯೇ ಬಂತು. ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ನನ್ನ ಪ್ಲೇಯರ್ ರೇಟಿಂಗ್, ಪ್ಲೇ ಕೌಂಟ್ ಎಲ್ಲವನ್ನೂ ಡೇಟಾಬೇಸ್‌ನಲ್ಲಿ ಫೈಲ್ ಪಾಥ್‌ಗೇ ಕಟ್ಟಿಡುತ್ತದೆ. ಹೆಸರು ಬದಲಾದರೆ ಹೊಸ ಹಾಡೆಂದು ಸೇರಿಸಿಕೊಂಡು ಹಳೆಯದರ ದಾಖಲೆಯನ್ನು ಅಳಿಸುತ್ತದೆ.

ಹಾಗಾದರೆ ಫೈಲ್‌ಗಳನ್ನು ಮುಟ್ಟದೆ ಪ್ಲೇಲಿಸ್ಟ್‌ಗಳನ್ನೇ ಎನ್‌ಎಫ್‌ಡಿಗೆ ತರಲೇ, ಇಲ್ಲ ಫೈಲ್ ಹೆಸರನ್ನೂ ಡೇಟಾಬೇಸ್‌ನ ಪಾಥ್‌ಗಳನ್ನೂ ಒಟ್ಟಿಗೆ ಎನ್‌ಎಫ್‌ಸಿ ಮಾಡಲೇ? ಎರಡನೆಯದನ್ನು ಮಾಡಿದವರಿದ್ದರೆ, ಯಾವುದನ್ನು ಮೊದಲು ಬದಲಿಸಿದಿರಿ?