ವಿದೇಶದ ಸರ್ವಿಸ್ ಲರ್ನಿಂಗ್ ಕಾರ್ಯಕ್ರಮಕ್ಕೆ ದಾನ: ಯಾವ ಫಂಡ್‌ಗೆ ಕೊಡೋದು?

ಹಳೇ_ಬೆಂಚು
ನಾನು ಓದಿದ ಅಮೆರಿಕದ ಯೂನಿವರ್ಸಿಟಿಯಿಂದ ಫೋನ್ ಬಂದಿತ್ತು. ಈ ಸಲ ಇಂಟರ್‌ನ್ಯಾಷನಲ್ ಸರ್ವಿಸ್ ಲರ್ನಿಂಗ್ ಕಾರ್ಯಕ್ರಮಕ್ಕೆ ದುಡ್ಡು ಎತ್ತುತ್ತಿದ್ದಾರಂತೆ. ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಶಾಲೆ, ಆಸ್ಪತ್ರೆ, ಸಂಘಸಂಸ್ಥೆಗಳ ಜೊತೆ ಕೆಲವು ವಾರ ದುಡಿದು, ಅದರ ಬಗ್ಗೆ ಬರೆದು ಚರ್ಚಿಸಿ ಕ್ರೆಡಿಟ್ ಪಡೆಯುತ್ತಾರೆ. ಕೊಡಬೇಕು ಅಂತ ಮನಸ್ಸಿದೆ. ಆದರೆ ಫಾರ್ಮ್‌ನಲ್ಲಿ ಮೂರು ಆಯ್ಕೆ ಇವೆ: ಪ್ರಯಾಣದ ಸ್ಕಾಲರ್‌ಶಿಪ್, ಕಾರ್ಯಕ್ರಮದ ಖರ್ಚು, ಎಂಡೋಮೆಂಟ್. ಯಾವುದಕ್ಕೆ ಟಿಕ್ ಹಾಕಲಿ? ಇನ್ನೊಂದು ವಿಷಯ, ಗೆಳೆಯನ ಮಗಳೂ ಈ ವರ್ಷ ಹೋಗುತ್ತಿದ್ದಾಳೆ. ದುಡ್ಡು ಅವಳಿಗೇ ಸಿಗಲಿ ಅಂತ ಬರೆದು ಕೊಟ್ಟರೆ ಅಮೆರಿಕದ ತೆರಿಗೆಯಲ್ಲಿ ದಾನ ಅಂತ ತೋರಿಸಬಹುದಾ?

ರಸೀದಿ_ಪುಸ್ತಕ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗಲ್ಲ. ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಂತ ಹೆಸರು ಹಾಕಿ ಕೊಟ್ಟರೆ ಅದು ದಾನವಲ್ಲ, ಉಡುಗೊರೆ. ಯೂನಿವರ್ಸಿಟಿ ಕೈದಾಟಿ ಹೋದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಅವಳಿಗೆ ಕೊಡಬೇಕಿದ್ದರೆ ನೇರವಾಗಿ ಕೊಟ್ಟುಬಿಡಿ, ವಿನಾಯಿತಿ ಮರೆತುಬಿಡಿ. ಫಂಡ್‌ಗೆ ಕೊಟ್ಟರೆ ಯಾರಿಗೆ ಕೊಡಬೇಕು ಅನ್ನುವುದು ಅವರ ತೀರ್ಮಾನ.

ಎಂಡೋಮೆಂಟ್ ಬಗ್ಗೆ. ಅಸಲು ಹಾಗೇ ಇರುತ್ತದೆ, ಹೂಡಿಕೆ ಮಾಡುತ್ತಾರೆ, ವರ್ಷಕ್ಕೆ ಸುಮಾರು ನಾಲ್ಕರಿಂದ ಐದು ಪರ್ಸೆಂಟ್ ಖರ್ಚಿಗೆ ತೆಗೆಯುತ್ತಾರೆ. 10,000 ಡಾಲರ್ ಹಾಕಿದರೂ ವರ್ಷಕ್ಕೆ ಹೊರಬರುವುದು 400–500. ಒಂದು ವಿಮಾನದ ಟಿಕೆಟ್ಟಿಗೂ ಸಾಲದು. ದೊಡ್ಡ ಮೊತ್ತ ಇಲ್ಲದಿದ್ದರೆ ಈ ವರ್ಷವೇ ಖರ್ಚಾಗುವ ಫಂಡ್‌ಗೆ ಕೊಡಿ, ಅದಕ್ಕೆ ಕರೆಂಟ್ ಯೂಸ್ ಅಂತಾರೆ. ಚೆಕ್ ಬರೆದರೆ ಮೆಮೊ ಸಾಲಿನಲ್ಲಿ ಫಂಡ್‌ನ ಹೆಸರು ಬರೆಯಿರಿ, ಜೊತೆಗೊಂದು ಸಣ್ಣ ಪತ್ರ ಇಡಿ. ಸುಮ್ನೆ ಯೂನಿವರ್ಸಿಟಿ ಹೆಸರಿಗೆ ಕಳಿಸಿದರೆ ಸಾಮಾನ್ಯ ಖಾತೆಗೆ ಹೋಗಿ ಕೂರುವ ಸಾಧ್ಯತೆ ಜಾಸ್ತಿ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ, ಬದಲಿಗೆ ನಿಮಗೆ ಏನಾದರೂ ಕೊಟ್ಟರೋ ಇಲ್ಲವೋ ಅಂತ ಹೇಳುವ ಲಿಖಿತ ರಸೀದಿ ಇಟ್ಟುಕೊಳ್ಳಲೇಬೇಕು. ನಿಮ್ಮ ಕಂಪನಿಯಲ್ಲಿ ಮ್ಯಾಚಿಂಗ್ ಗಿಫ್ಟ್, ಅಂದರೆ ನೀವು ಕೊಟ್ಟ ದಾನಕ್ಕೆ ಕಂಪನಿಯೂ ತನ್ನ ದುಡ್ಡು ಸೇರಿಸುವ ಯೋಜನೆ, ಇದೆಯಾ ಕೇಳಿ. ಎಷ್ಟೋ ಜನ ಆ ಫಾರ್ಮ್ ತುಂಬುವುದೇ ಇಲ್ಲ.

ಅಡ್ಡಮಾತು
ಫಂಡ್ ಯಾವುದು ಅನ್ನುವುದು ಆಮೇಲಿನ ಮಾತು. ಹೋಗುವುದೇ ಬೇಕಾ? 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಚಿಂತಕ ಇವಾನ್ ಇಲಿಚ್ ಇದೇ ಥರ ಸೇವೆಗೆ ಬಂದ ಅಮೆರಿಕನ್ ವಿದ್ಯಾರ್ಥಿಗಳ ಎದುರು ನಿಂತು, ನೋಡೋಕೆ ಬನ್ನಿ, ಓದೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ ಅಂತ ಮುಖಕ್ಕೆ ಹೇಳಿದ್ದರು. ಭಾಷೆ ಬರಲ್ಲ, ಇಟ್ಟಿಗೆ ಕಟ್ಟೋಕೆ ಬರಲ್ಲ, ಎರಡು ವಾರದಲ್ಲಿ ಮಾಡೋದೇನು? ಆ ಟಿಕೆಟ್ ದುಡ್ಡಲ್ಲಿ ಅಲ್ಲಿನ ಗಾರೆಯವರಿಗೇ ಕೆಲಸ ಕೊಡಬಹುದಲ್ವಾ? ಇನ್ನು ಡಾಕ್ಟರ್ ಆಗಬೇಕು ಅಂತಿರುವ, ಇನ್ನೂ ಮೆಡಿಕಲ್ ಸೇರದ ಹುಡುಗರು ಹೊರದೇಶದ ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕುವುದು, ಹಲ್ಲು ಕೀಳುವುದು ಇವೆಲ್ಲ ನಡೆದಿವೆ. ತಮ್ಮ ಊರಲ್ಲಿ ಮಾಡಿದರೆ ಕೇಸ್ ಆಗುವ ಕೆಲಸ ಅದು.

ತಿರುಗುಬಂಡಿ
ಇಂಥ ಕಾರ್ಯಕ್ರಮವೊಂದರಲ್ಲಿ ಆತಿಥೇಯ ಸಂಸ್ಥೆಯ ಕಡೆಯಿಂದ ಕೆಲಸ ಮಾಡಿದ್ದೇನೆ, ಹಾಗಾಗಿ ಆ ಬದಿಯಿಂದ ಹೇಳುತ್ತೇನೆ. ಅಡ್ಡಮಾತು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಎಲ್ಲ ಕಾರ್ಯಕ್ರಮವೂ ಗೋಡೆಗೆ ಬಣ್ಣ ಬಳಿಯುವುದಲ್ಲ. ನಮ್ಮಲ್ಲಿಗೆ ಬಂದವರು ಒಂದು ಸೆಮಿಸ್ಟರ್ ಪೂರ್ತಿ ಭಾಷೆ ಕಲಿತು ಬಂದಿದ್ದರು. ನಾವು ಕೇಳಿದ್ದು ಒಂದೇ ಕೆಲಸ, ಬಾವಿಗಳ ನೀರಿನ ಪರೀಕ್ಷೆಯ ಹಳೇ ರಿಜಿಸ್ಟರ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಡಿ ಅಂತ. ಫೋಟೋಗೆ ಚೆನ್ನಾಗಿರಲ್ಲ. ದಿನವಿಡೀ ಕೂತು, ಮಾಸಿದ ಅಂಕಿ ಒಂದೋ ಏಳೋ ಅಂತ ನಮ್ಮ ಸಿಬ್ಬಂದಿಯನ್ನು ಕರೆದು ಕೇಳುತ್ತ ಟೈಪ್ ಮಾಡಿದರು. ನಮಗೆ ಬೇಕಾಗಿದ್ದು ಅದೇ.

ಈಗ ದುಡ್ಡಿನ ಮಾತು. ವಿದ್ಯಾರ್ಥಿಗಳು ಬಂದರೆ ಖರ್ಚು ನಮ್ಮ ಮೇಲೂ ಬೀಳುತ್ತದೆ. ಅನುವಾದ ಮಾಡುವವರ ದಿನಗೂಲಿ, ಓಡಾಟದ ಗಾಡಿ, ಅವರ ಜೊತೆ ಇರಲು ತನ್ನ ಕೆಲಸ ಬಿಟ್ಟು ಬಂದ ನಮ್ಮ ಮನುಷ್ಯನ ಸಮಯ. ದಾನಿಗಳ ಪಟ್ಟಿಯಲ್ಲಿ ಇದಕ್ಕೆ ಚೌಕವೇ ಇರುವುದಿಲ್ಲ, ಎಲ್ಲರೂ ವಿದ್ಯಾರ್ಥಿಯ ಟಿಕೆಟ್ ಕೊಡಿಸುವವರೇ! ಆದ್ದರಿಂದ ಹಳೇ_ಬೆಂಚು ಅವರೇ, ಕೊಡುವ ಮುಂಚೆ ಆ ಆಫೀಸಿಗೆ ಒಂದು ಇಮೇಲ್ ಹಾಕಿ. ಕಾರ್ಯಕ್ರಮದ ಖರ್ಚು ಅಂದಿದ್ದರಲ್ಲಿ ಅಲ್ಲಿನ ಪಾಲುದಾರರ ಕೈಗೆ ಎಷ್ಟು ಹೋಗುತ್ತದೆ, ಕೆಲಸ ಏನಿರಬೇಕು ಅಂತ ನಿರ್ಧರಿಸುವವರು ಯಾರು, ಅದೇ ಜಾಗಕ್ಕೆ ಮುಂದಿನ ವರ್ಷವೂ ಹೋಗುತ್ತಾರಾ. ಉತ್ತರ ತಡವರಿಸಿದರೆ ಬೇರೆ ಕಡೆ ಕೊಡಿ.

ರಸೀದಿ_ಪುಸ್ತಕ
ಆ ಪ್ರಶ್ನೆಗಳು ಸರಿಯಾಗಿವೆ. ಆದರೂ ಸ್ಕಾಲರ್‌ಶಿಪ್ ಅನ್ನು ಪೂರ್ತಿ ಬದಿಗಿಡಬೇಡಿ. ಬೇಸಿಗೆಯಲ್ಲಿ ದುಡಿದು ಫೀಸ್ ಕಟ್ಟುವ ಹುಡುಗನಿಗೆ ಟಿಕೆಟ್ ಸಿಕ್ಕರೂ ಸಾಲುವುದಿಲ್ಲ, ಆ ವಾರಗಳ ಸಂಬಳ ಹೋಗುತ್ತದಲ್ಲ. ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಅಮೆರಿಕ ಸರ್ಕಾರ ಕೊಡುವ ನೆರವು) ಪಡೆಯುವವರಿಗೆ ಸರ್ಕಾರದ ಗಿಲ್ಮನ್ ಸ್ಕಾಲರ್‌ಶಿಪ್ ಇದೆ, 5,000 ಡಾಲರ್‌ವರೆಗೆ. ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ. ಇಂಥ ಫಂಡ್‌ಗಳು ಇಲ್ಲದಿದ್ದರೆ ಅನುಕೂಲಸ್ಥರ ಮಕ್ಕಳಷ್ಟೇ ಹೋಗಿ ಬರುತ್ತಾರೆ.

ಅಡ್ಡಮಾತು
ರಿಜಿಸ್ಟರ್ ಕೆಲಸ ಆದರೆ ನನ್ನದೇನೂ ತಕರಾರಿಲ್ಲ. ಅದನ್ನೇ ಬ್ರೋಷರ್‌ನಲ್ಲಿ ಹಾಕಲಿ, ಯಾರು ಕೊಡುತ್ತಾರೆ ನೋಡೋಣ.

ಹಳೇ_ಬೆಂಚು
ಎಲ್ಲರಿಗೂ ಥ್ಯಾಂಕ್ಸ್. ಎಂಡೋಮೆಂಟ್ ಬಿಟ್ಟೆ. ಗೆಳೆಯನ ಮಗಳಿಗೆ ನನ್ನ ಕೈಯಿಂದಲೇ ಏನಾದರೂ ಕೊಡುತ್ತೇನೆ. ಆಫೀಸಿಗೆ ತಿರುಗುಬಂಡಿ ಅವರ ಪ್ರಶ್ನೆಗಳನ್ನು ಹಾಗೇ ಕಳಿಸಿದ್ದೇನೆ. ಪಾಲುದಾರ ಸಂಸ್ಥೆಯ ಪಾಲು ಎಷ್ಟು ಅಂತ ಲಿಖಿತವಾಗಿ ಹೇಳಿದರೆ ಅರ್ಧ ಕಾರ್ಯಕ್ರಮದ ಖರ್ಚಿಗೆ, ಅರ್ಧ ಸ್ಕಾಲರ್‌ಶಿಪ್‌ಗೆ. ಒಂದು ಅನುಮಾನ ಉಳಿದಿದೆ, ಒಂದೇ ದಾನವನ್ನು ಎರಡು ಫಂಡ್‌ಗೆ ಹಂಚಿದರೆ ಕಂಪನಿಯ ಮ್ಯಾಚಿಂಗ್‌ಗೆ ಎರಡು ಅರ್ಜಿ ಹಾಕಬೇಕಾ?

ರಸೀದಿ_ಪುಸ್ತಕ
ಅದು ಕಂಪನಿ ಮೇಲೆ ಹೋಗುತ್ತದೆ. ಎರಡು ಬೇರೆ ರಸೀದಿ ಕೇಳಿ ಇಟ್ಟುಕೊಳ್ಳಿ, ಆಗ ಹೇಗೆ ಕೇಳಿದರೂ ತೊಂದರೆ ಇಲ್ಲ. ಕೊನೇ ದಿನಾಂಕ ಮಾತ್ರ ನೋಡಿಕೊಳ್ಳಿ.