ಟ್ರೈಲರ್ ಮಟ್ಟ ಮಾಡುವಾಗ ಕೊನೆಯ ಒಂದೆರಡು ಸೆಂ.ಮೀ. ಸ್ಟೆಬಿಲೈಸರ್‌ನಲ್ಲೇ ಎತ್ತಬಹುದೇ?

ಗಾಲಿಮನೆ:

ಗಾಡಿಗೆ ಕಟ್ಟಿ ಎಳೆಯುವ, ಒಳಗೆ ವಾಸ ಮಾಡುವ ಎರಡು ಆಕ್ಸಲ್‌ನ ಟ್ರೈಲರ್, ಉದ್ದ 7.3 ಮೀಟರ್, ಎಡಗಡೆ ಒಂದು ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಜಾರಿಸುವ ಕೋಣೆಯ ಭಾಗ). ಫ್ರಿಜ್ ಗ್ಯಾಸ್‌ನಲ್ಲೂ ಕರೆಂಟಿನಲ್ಲೂ ಓಡುವ ಅಬ್ಸಾರ್ಪ್ಷನ್ ಮಾದರಿ, ಬಲಗೋಡೆಗೆ ಕೂರಿಸಿದ್ದು. ನಿಲ್ಲಿಸಬೇಕಾದ ಜಾಗಕ್ಕೆ ಜಲ್ಲಿ ಹಾಸಿದೆ. ಎಡಕ್ಕೆ ಸುಮಾರು 2.5 ಡಿಗ್ರಿ ವಾಟ ಇದೆ, ಮೂತಿಯ (ಗಾಡಿಗೆ ಕಟ್ಟುವ ಮುಂತುದಿಯ) ಕಡೆಗೆ 2 ಡಿಗ್ರಿ ಇಳಿಜಾರು.

ಕೇಳಬೇಕಾದ್ದು ಇಷ್ಟು:

ಎಡಚಕ್ರಗಳ ಕೆಳಗೆ ಎಷ್ಟು ದಪ್ಪ ಕೊಡಬೇಕು ಅಂತ ಮೊದಲೇ ಲೆಕ್ಕ ಹಾಕಲು ಆಗುತ್ತದೆಯೇ, ಅಥವಾ ಹತ್ತಿಸಿ ಇಳಿಸಿ ನೋಡುವುದೇ ದಾರಿಯೇ? ಹಲಗೆ ಹಾಕಿದ ಮೇಲೂ ಸ್ವಲ್ಪ ಎಡಕ್ಕೆ ವಾಲಿದ್ದರೆ ಆ ಕಡೆಯ ಮೂಲೆಗಳ ಕೆಳಗಿನ ಎರಡು ಸ್ಟೆಬಿಲೈಸರ್ ಕಾಲು ಬಿಗಿ ಮಾಡಿ ಸರಿಪಡಿಸುವವರನ್ನು ನೋಡಿದ್ದೇನೆ, ಅದು ಸರಿಯೇ? ಹಾಗೆ ಬಿಗಿ ಮಾಡಿದಾಗ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಅದಕ್ಕೇ ಅನುಮಾನ. ಇನ್ನು ಸ್ಲೈಡ್ ಹೊರಗೆ ತೆಗೆಯುವುದು ಯಾವ ಹಂತದಲ್ಲಿ?

ಅಚ್ಚುಗಾರ:

ಬಾಗಿಲಿನ ಅನುಮಾನದಿಂದ ಶುರು ಮಾಡುತ್ತೇನೆ. ಬಾಗಿಲು ಉಜ್ಜುತ್ತಿದೆ ಅಂದರೆ ಚಾಸಿ (ಅಡಿಯ ಚೌಕಟ್ಟು) ತಿರುಚಿಕೊಂಡಿದೆ, ಅಷ್ಟೇ. ಕತ್ತರಿ ಆಕಾರದ ಆ ಸ್ಟೆಬಿಲೈಸರ್‌ಗಳು ಇರುವುದು ಒಳಗೆ ಓಡಾಡುವಾಗ ಟ್ರೈಲರ್ ಅಲುಗದಿರಲಿ ಅಂತ, ಭಾರ ಎತ್ತಲು ಅಲ್ಲ. ಟ್ರೈಲರ್‌ನ ಭಾರ ಆಕ್ಸಲ್ ಮತ್ತು ಮೂತಿಯ ಜ್ಯಾಕ್ ಮೇಲೆ ನಿಲ್ಲಲಿ ಅಂತಲೇ ಚಾಸಿ ಮಾಡಿರುತ್ತಾರೆ. ಮೂಲೆಯಲ್ಲಿ ಎತ್ತಿದರೆ ಉದ್ದದ ಬೀಮ್ ಬಾಗುತ್ತದೆ, ಅದರ ಮೇಲಿನ ಗೋಡೆ ಸೊಟ್ಟಗಾಗುತ್ತದೆ. ಮೊದಲು ಗೊತ್ತಾಗುವುದು ಬಾಗಿಲಲ್ಲಿ, ಆಮೇಲೆ ಸ್ಲೈಡ್‌ನ ರಬ್ಬರ್ ಸೀಲ್‌ನಲ್ಲಿ. ಹಾಗಾಗಿ ಅರ್ಧ ಸೆಂ.ಮೀ. ಕೂಡ ಅದರಲ್ಲಿ ಎತ್ತಬೇಡಿ.

ಈಗ ಲೆಕ್ಕ. ಒಂದು ಡಿಗ್ರಿಗೆ, ಪ್ರತಿ ಮೀಟರ್ ಅಂತರಕ್ಕೆ 1.75 ಸೆಂ.ಮೀ. ಇದೊಂದು ನೆನಪಿದ್ದರೆ ಸಾಕು. ಎಡಬಲ ಚಕ್ರಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಟೇಪ್ ಹಿಡಿಯಿರಿ. 1.9 ಮೀ. ಬಂತು ಅಂದುಕೊಳ್ಳೋಣ: 1.9 × 2.5 × 1.75, ಅಂದರೆ 8.3 ಸೆಂ.ಮೀ. 38 ಮಿ.ಮೀ. ದಪ್ಪದ ಹಲಗೆ ಎರಡು ಪದರ ಹಾಕಿದರೆ 7.6 ಆಯಿತು. ಉಳಿದ 7 ಮಿ.ಮೀ. ಅಂದರೆ 0.2 ಡಿಗ್ರಿ, ಅದನ್ನು ಬಿಟ್ಟುಬಿಡಿ. ಮಲಗಿದವರಿಗೂ ಗೊತ್ತಾಗಲ್ಲ, ಫ್ರಿಜ್‌ಗೂ ಗೊತ್ತಾಗಲ್ಲ. ಈ 0.2 ಡಿಗ್ರಿಯ ಆಸೆಗೇ ಎಷ್ಟೋ ಜನ ಸ್ಟೆಬಿಲೈಸರ್ ಹಿಡಿಯುತ್ತಾರೆ.

ಉದ್ದಕ್ಕೂ ಅದೇ ಲೆಕ್ಕ. ಎರಡು ಆಕ್ಸಲ್‌ಗಳ ನಡುವಿನಿಂದ ಮೂತಿ ಜ್ಯಾಕ್‌ವರೆಗೆ 4.3 ಮೀ. ಇದ್ದರೆ 2 ಡಿಗ್ರಿಗೆ 15 ಸೆಂ.ಮೀ. ಮೂತಿ ಮೇಲೇಳಬೇಕು. ಜ್ಯಾಕ್ ಸಾಮಾನ್ಯವಾಗಿ 45 ಸೆಂ.ಮೀ. ಓಡುತ್ತದೆ. ಆದರೂ ಅದರ ಪಾದದ ಕೆಳಗೆ 10–15 ಸೆಂ.ಮೀ. ಎತ್ತರದ ಗಟ್ಟಿ ಮರದ ದಿಮ್ಮಿ ಇಡಿ. ಪೂರ್ತಿ ಹೊರಗೆ ಬಂದ ಜ್ಯಾಕ್ ತೂಗಾಡುತ್ತದೆ, ಅಡ್ಡ ಒತ್ತಡ ಬಿದ್ದರೆ ಕೊಳವೆ ಬಾಗುತ್ತದೆ.

ಮೊದಲು ಎಡಬಲ, ಆಮೇಲೆ ಉದ್ದ. ಯಾಕೆ ಅಂದರೆ, ಎಡಬಲ ಸರಿಮಾಡುವುದು ಚಕ್ರದಿಂದ, ಚಕ್ರ ಹಲಗೆ ಹತ್ತಬೇಕಾದರೆ ಎಳೆಯುವ ಗಾಡಿ ಬೇಕು. ಹಿಚ್ (ಗಾಡಿಗೂ ಟ್ರೈಲರ್‌ಗೂ ಇರುವ ಕೊಂಡಿ) ಬಿಚ್ಚಿದ ಮೇಲೆ ಆ ಅವಕಾಶ ಮುಗಿಯಿತು. ಮೂತಿ ಮಾತ್ರ ಯಾವಾಗ ಬೇಕಾದರೂ ಏರಿಸಿ ಇಳಿಸಬಹುದು. ಎಡಬಲ ಮುಗಿದ ಮೇಲೆ ಉದ್ದದ ಅಳತೆ ಮತ್ತೊಮ್ಮೆ ತೆಗೆಯಿರಿ, ಚೂರು ಬದಲಾಗಿರುತ್ತದೆ.

ನಿಮ್ಮದು ಎರಡು ಆಕ್ಸಲ್ ಆದ್ದರಿಂದ ಎಡಗಡೆಯ ಎರಡೂ ಟೈರ್ ಹಲಗೆ ಮೇಲೆ ಇರಲೇಬೇಕು. ಒಂದನ್ನೇ ಎತ್ತಿದರೆ ಭಾರವೆಲ್ಲ ಆ ಟೈರ್ ಮೇಲೆ ಬೀಳುತ್ತದೆ. ಎಲೆ ಸ್ಪ್ರಿಂಗ್ ಇದ್ದರೆ ಎರಡು ಸ್ಪ್ರಿಂಗ್‌ಗಳನ್ನು ಜೋಡಿಸುವ ನಡುವಿನ ಈಕ್ವಲೈಸರ್ ಸ್ವಲ್ಪ ಹಂಚುತ್ತದೆ. ರಬ್ಬರ್ ಟಾರ್ಷನ್ ಆಕ್ಸಲ್ ಆದರೆ ಅದೂ ಇಲ್ಲ.

ಉದ್ದದ ಒಂದೇ ಹಲಗೆಗಿಂತ ಪ್ರತಿ ಟೈರ್‌ಗೆ ಬೇರೆ ಬೇರೆ ಜೋಡಿ ಒಳ್ಳೆಯದು. ಕೆಳಗಿನದು 70 ಸೆಂ.ಮೀ., ಮೇಲಿನದು 45, ಹತ್ತುವ ಕಡೆಯ ತುದಿ ಓರೆಯಾಗಿ ಕುಯ್ದಿರಲಿ. ಎರಡೂ ಟೈರ್ ಒಟ್ಟಿಗೆ ಹತ್ತುತ್ತವೆ, ಗಾಡಿ ಅರ್ಧ ಮೀಟರ್ ಸರಿದರೆ ಕೆಲಸ ಆಯಿತು. ಅಗಲ ಮಾತ್ರ ಕಡಿಮೆ ಮಾಡಬೇಡಿ. ಟೈರ್ 205 ಮಿ.ಮೀ. ಇದ್ದರೆ 28 ಸೆಂ.ಮೀ. ಅಗಲದ ಹಲಗೆ ತನ್ನಿ. ಟೈರ್‌ನ ಅಂಚು ಹಲಗೆಯಿಂದ ಆಚೆ ನೇತಾಡಿದರೆ ಒಳಗಿನ ತಂತಿ ಪದರಕ್ಕೆ ಪೆಟ್ಟು. ಅದು ಅವತ್ತು ಕಾಣಿಸದೆ, ಆಮೇಲೆ ರಸ್ತೆಯಲ್ಲಿ ಒಡೆಯುತ್ತದೆ.

ತಣ್ಣಗೆ_ಇರಲಿ:

ಫ್ರಿಜ್ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ತಲೆಕೆಳಗಾಗಿ ತಿಳಿದುಕೊಂಡಿದ್ದಾರೆ.

ಅಬ್ಸಾರ್ಪ್ಷನ್ ಫ್ರಿಜ್‌ಗಳ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಎಡಬಲಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿ ಅಂತ ಮಿತಿ ಕೊಟ್ಟಿರುತ್ತಾರೆ. ಅದು ಫ್ರಿಜ್‌ನ ಎಡಬಲ, ಟ್ರೈಲರ್‌ನದ್ದಲ್ಲ. ನಿಮ್ಮ ಫ್ರಿಜ್ ಬಲಗೋಡೆಗೆ ಬೆನ್ನು ಕೊಟ್ಟು ನಿಂತಿದೆ, ಹಾಗಾಗಿ ಅದರ ಎಡಬಲ ಅಂದರೆ ಟ್ರೈಲರ್‌ನ ಮೂತಿ–ಬಾಲದ ದಿಕ್ಕು. ಕಟ್ಟುನಿಟ್ಟಿನ 3 ಡಿಗ್ರಿ ನಿಮಗೆ ಅನ್ವಯಿಸುವುದು ಉದ್ದಕ್ಕೆ! ಮೂತಿ 2 ಡಿಗ್ರಿ ತಗ್ಗಿದ್ದರೂ ನಡೆಯುತ್ತದೆ ಅನ್ನಿಸಬಹುದು, ಆದರೆ ಆ ಜಾಗದಲ್ಲಿ ಮಿತಿಗೆ ಹತ್ತಿರವೇ ಇದ್ದೀರಿ. ಮೊದಲು ಮೂತಿ ಎತ್ತಿ, ಆಮೇಲೆ ಫ್ರಿಜ್ ಹಚ್ಚಿ.

ಇಷ್ಟು ನಾಜೂಕು ಯಾಕೆ ಅಂದರೆ, ಅದರೊಳಗೆ ಪಂಪೂ ಇಲ್ಲ, ಕಂಪ್ರೆಸರೂ ಇಲ್ಲ. ಅಮೋನಿಯಾ ಬೆರೆತ ನೀರು ಬಾಯ್ಲರ್‌ನಲ್ಲಿ ಕಾಯ್ದು ಮೇಲೇರುತ್ತದೆ, ಆಮೇಲೆ ಓರೆ ಕೊಳವೆಗಳಲ್ಲಿ ತನ್ನಷ್ಟಕ್ಕೆ ಹರಿದು ವಾಪಸ್ ಬರುತ್ತದೆ. ಕೊಳವೆಯ ಓರೆ ತಪ್ಪಿದರೆ ದ್ರವ ಅಲ್ಲಲ್ಲೇ ನಿಲ್ಲುತ್ತದೆ, ಬಾಯ್ಲರ್ ಬರಿದಾಗುತ್ತಾ ಅತಿಯಾಗಿ ಕಾಯುತ್ತದೆ. ತುಕ್ಕು ಹಿಡಿಯದಿರಲಿ ಅಂತ ದ್ರವಕ್ಕೆ ಸೋಡಿಯಂ ಕ್ರೋಮೇಟ್ ಸೇರಿಸಿರುತ್ತಾರೆ, ಆ ಕಾವಿಗೆ ಅದು ಹರಳುಗಟ್ಟಿ ಕೊಳವೆಯಲ್ಲೇ ಕೂತುಬಿಡುತ್ತದೆ. ಮತ್ತೆ ಮಟ್ಟ ಮಾಡಿದರೂ ಕರಗುವುದಿಲ್ಲ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ಗ್ಯಾಸ್ ಬದಲು ಕರೆಂಟಿಗೆ ಹಾಕಿದರೆ ಪಾರು ಅಂದುಕೊಳ್ಳಬೇಡಿ, ಕಾಯಿಸುವುದು ಅದೇ ಬಾಯ್ಲರನ್ನೇ. ಓಡುವಾಗ ಮಾತ್ರ ಪರವಾಗಿಲ್ಲ, ಗಾಡಿ ಅತ್ತಿತ್ತ ವಾಲುತ್ತಲೇ ಇರುವುದರಿಂದ ದ್ರವ ಒಂದೇ ಕಡೆ ನಿಲ್ಲಲ್ಲ.

12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇದ್ದವರು ಇದನ್ನೆಲ್ಲ ಓದಿ ಗಾಬರಿ ಆಗಬೇಕಿಲ್ಲ.

ಇನ್ನೊಂದು: ರಸಮಟ್ಟವನ್ನು ಅಡುಗೆ ಕಟ್ಟೆ ಮೇಲಲ್ಲ, ಫ್ರೀಜರ್‌ನ ತಳದಲ್ಲೇ ಇಟ್ಟು ನೋಡಿ. ಅದಕ್ಕೂ ಮುಂಚೆ ರಸಮಟ್ಟವೇ ಸರಿ ಇದೆಯೇ ಪರೀಕ್ಷಿಸಿ. ಅದೇ ಜಾಗದಲ್ಲಿ ತುದಿ ತಿರುಗಿಸಿ ಇಟ್ಟಾಗ ಗುಳ್ಳೆ ಎರಡು ಸಲವೂ ಫ್ರಿಜ್‌ನ ಒಂದೇ ಬದಿಗೆ, ಅಷ್ಟೇ ದೂರ ನಿಲ್ಲಬೇಕು. ಫೋನಿನಲ್ಲಿ ಅಳೆಯುವುದಾದರೆ ಕವರ್ ತೆಗೆಯಿರಿ, ಹಿಂದಿನ ಕ್ಯಾಮೆರಾ ಉಬ್ಬೇ ಅರ್ಧ ಡಿಗ್ರಿ ಸುಳ್ಳು ಹೇಳಿಸುತ್ತದೆ. ನೇರವಾದ ಪಟ್ಟಿಯ ಮೇಲೆ ಫೋನಿನ ಅಂಚನ್ನು ನಿಲ್ಲಿಸಿ ಅಳೆಯಿರಿ. ಒಳಗೆ ಎಲ್ಲ ಸರಿಯಾದ ಮೇಲೆ ಹೊರಗೋಡೆಗೆ ಅಂಟಿಸುವ ಚಿಕ್ಕ ಲೆವೆಲ್ ಎರಡು, ಮೂತಿಗೊಂದು ಪಕ್ಕಕ್ಕೊಂದು, ಗುಳ್ಳೆ ನಡುವಿಗೆ ಬರುವ ಹಾಗೆ ಅಂಟಿಸಿಬಿಟ್ಟರೆ ಮುಂದಿನ ಸಲ ಒಳಗೆ ಹೋಗುವ ಕೆಲಸವೇ ಇಲ್ಲ.

ಗಾಲಿಮನೆ:

ಫ್ರಿಜ್‌ನ ದಿಕ್ಕಿನ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ ಸರ್. ಹಲಗೆ ಮೇಲೆ ಹತ್ತಿಸಿದ ಮೇಲೆ ಚಾಕ್ (ಚಕ್ರ ಉರುಳದಂತೆ ತಡೆಯುವ ಬೆಣೆ) ಎಲ್ಲಿ ಕೊಡುವುದು? ನೆಲದ ಮೇಲೆ ಇಟ್ಟರೆ ಎಡಗಡೆ ಟೈರ್‌ಗೆ ತಾಗುವುದೇ ಇಲ್ಲವಲ್ಲ. ಎರಡು ಟೈರ್ ನಡುವೆ ಸಿಕ್ಕಿಸುವ ಎಕ್ಸ್ ಆಕಾರದ್ದು ಸಾಕೇ? ಮೂತಿಯ ಭಾರವನ್ನು ಬಿಗಿ ಬಾರ್‌ಗಳಿಂದ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದೆ, ಅದರ ಬಾರ್ ಯಾವಾಗ ಬಿಚ್ಚಬೇಕು?

ತಿರುಪು_ಮೊಳೆ:

ಎಕ್ಸ್ ಚಾಕ್ ಸಾಲದು. ಅದು ಟ್ರೈಲರ್ ಹಿಂದೆ ಮುಂದೆ ಜೀಕುವುದನ್ನು ನಿಲ್ಲಿಸುತ್ತದೆ, ಅದಕ್ಕೆ ಬಹಳ ಚೆನ್ನಾಗಿದೆ. ಉರುಳುವುದನ್ನು ತಡೆಯಲು ನೆಲದ ಚಾಕ್ ಬೇಕೇ ಬೇಕು. ಬಲಗಡೆ ಟೈರ್‌ಗಳು ನೆಲದ ಮೇಲೇ ಇವೆ, ಮುಂದಿನ ಟೈರ್‌ನ ಮುಂದೆ, ಹಿಂದಿನ ಟೈರ್‌ನ ಹಿಂದೆ ರಬ್ಬರ್ ಚಾಕ್ ಬಿಗಿಯಾಗಿ ತಳ್ಳಿ. ಇಳಿಜಾರು ಮೂತಿಯ ಕಡೆಗಿರುವುದರಿಂದ ಮುಂದಿನದು ಮುಖ್ಯ. ಎಡಗಡೆ ಹಲಗೆಯ ಮೇಲೇ ಚಾಕ್ ಕೂರಬೇಕು, ಅದಕ್ಕೆ ಹಲಗೆ ಮಾಡಿಸುವಾಗಲೇ ಜಾಗ ಬಿಡಿ.

ಬ್ರೇಕ್‌ಅವೇ ಪಿನ್ (ಟ್ರೈಲರ್ ಗಾಡಿಯಿಂದ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಸುವ ಪಿನ್) ಎಳೆದು ಬ್ರೇಕ್ ಹಿಡಿಸಿ ನಿಲ್ಲಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಬ್ಯಾಟರಿ ತಿನ್ನುತ್ತದೆ, ಬ್ರೇಕಿನ ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿ ಮುಗಿದ ಕ್ಷಣ ಬ್ರೇಕೂ ಇಲ್ಲ.

ಕ್ರಮ ಹೀಗೆ. ಹಲಗೆ ಹತ್ತಿಸಿ ಅಳೆದು ನೋಡಿ, ಚಾಕ್ ಕೊಡಿ, ಗಾಡಿಯ ಬ್ರೇಕನ್ನು ನಿಧಾನಕ್ಕೆ ಬಿಟ್ಟು ಟ್ರೈಲರ್ ಚಾಕ್ ಮೇಲೆ ಒರಗಲಿ. ಅಲುಗಾಡಲಿಲ್ಲ ಅಂತ ಖಾತ್ರಿಯಾದ ಮೇಲೆ ಹಿಚ್‌ನ ಚಿಲಕ ಹಾಕಿಯೇ ಇದ್ದು ಮೂತಿ ಜ್ಯಾಕ್ ಏರಿಸಿ. ಗಾಡಿಯ ಹಿಂಭಾಗವೂ ಜೊತೆಗೆ ಏಳುತ್ತದೆ, ಬಾರ್‌ಗಳ ಬಿಗಿ ಸಡಿಲವಾಗುತ್ತದೆ. ಆಗ ಅವು ಕೈಯಲ್ಲೇ ಬರುತ್ತವೆ. ಬಿಗಿ ಇದ್ದಾಗಲೇ ಸನ್ನೆಕೋಲಿನಲ್ಲಿ ಎಬ್ಬಲು ಹೋದರೆ ಚಿಮ್ಮಿ ಕೈಮೂಳೆ ಮುರಿಯುತ್ತದೆ. ಬಾರ್ ತೆಗೆದ ಮೇಲೆ ಜ್ಯಾಕ್ ಸ್ವಲ್ಪ ಇಳಿಸಿ, ಚಿಲಕ ತೆಗೆದು, ಬಾಲ್‌ನಿಂದ (ಗಾಡಿಯ ಹಿಂದಿನ ಹಿಚ್ ಗುಂಡಿನಿಂದ) ಮೂತಿ ಎತ್ತಿ. ಸುರಕ್ಷತಾ ಸರಪಳಿಗಳನ್ನು ಅಲ್ಲಿಯವರೆಗೂ ಬಿಚ್ಚಬೇಡಿ. ಮೂತಿ ಪೂರ್ತಿ ಬಿಡಿಸಿಕೊಂಡು, ಟ್ರೈಲರ್ ಇದ್ದಲ್ಲೇ ಇದೆ ಅಂತ ಕಂಡ ಮೇಲೆ ಸರಪಳಿ, ಕರೆಂಟಿನ ಕೇಬಲ್, ಬ್ರೇಕ್‌ಅವೇ ವೈರ್.

ಬಾಲ್ ಬಿಟ್ಟ ಎತ್ತರದಲ್ಲಿ ಜ್ಯಾಕಿನ ಒಳಕೊಳವೆಗೆ ಟೇಪಿನ ಗುರುತು ಹಾಕಿ. ಹೊರಡುವ ದಿನ ಆ ಗುರುತಿಗೆ ತಂದರೆ ಗಾಡಿ ಹಿಂದೆ ಬರುವಾಗ ಎತ್ತರ ಹುಡುಕಾಡಬೇಕಿಲ್ಲ.

ಇನ್ನು ಸ್ಟೆಬಿಲೈಸರ್. ಮೂತಿ ಮಟ್ಟಕ್ಕೆ ಬರುವ ಮೊದಲು ಒಂದು ಸೆಂ.ಮೀ. ತಗ್ಗಿಸಿಯೇ ನಿಲ್ಲಿಸಿ, ಹಿಂದಿನ ಎರಡನ್ನು ನೆಲಕ್ಕೆ ತಾಗಿಸಿ, ಆಮೇಲೆ ಮೂತಿ ಮಟ್ಟಕ್ಕೆ ಎತ್ತಿ. ಬಾಲ ಕೆಳಗಿಳಿದು ಹಿಂದಿನವು ತಾವೇ ಬಿಗಿಯಾಗುತ್ತವೆ. ಆಮೇಲೆ ಮುಂದಿನವು. ಕೈಯಲ್ಲಿ ತಿರುಗಿಸಿ ಬಿಗಿ ಮಾಡುವುದಕ್ಕಿಂತ ಇದು ಗಟ್ಟಿ.

ಅಚ್ಚುಗಾರ:

ಆ ಕೊನೆಯ ಉಪಾಯಕ್ಕೆ ನನ್ನ ತಕರಾರು ಇದೆ. ಒಂದು ಸೆಂ.ಮೀ. ಅಂತ ಹೇಳಿದ್ದೀರಿ, ಅದು ಸರಿ. ಆದರೆ ಇದನ್ನು ಓದಿದವರು ನಾಲ್ಕೈದು ಸೆಂ.ಮೀ. ಮಾಡುತ್ತಾರೆ. ಆಕ್ಸಲ್‌ನಿಂದ ಆಚೆ ಚಾಚಿಕೊಂಡಿರುವ ಹಿಂಭಾಗಕ್ಕೆ ಕೆಳಗಿನಿಂದ ಅಷ್ಟು ಒತ್ತಡ ಬಂದರೆ, ಮೊದಲೇ ಬೇಡ ಅಂದ ಬೀಮ್ ಬಾಗುವ ಕೆಲಸವೇ ಆಯಿತು. ಹೊಸಬರು ತಾಗಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು, ಅಷ್ಟಕ್ಕೇ ನಿಲ್ಲಿಸುವುದು ವಾಸಿ. ಡ್ರಿಲ್‌ನಲ್ಲಿ ತಿರುಗಿಸುವವರು ಕ್ಲಚ್ ಕಡಿಮೆ ಇಟ್ಟುಕೊಳ್ಳಿ. ಬಿಗಿ ಮಾಡಿದ ಮೇಲೆ ಬಾಗಿಲು ತೆಗೆದು ಹಾಕಿ ನೋಡಿ, ಉಜ್ಜಿದರೆ ಕಾಲು ಸುತ್ತು ಸಡಿಲ ಬಿಡಿ. ತೀರ್ಪು ಬಾಗಿಲಿನದು, ರಸಮಟ್ಟದ್ದಲ್ಲ.

ಸ್ಲೈಡ್ ಪ್ರಶ್ನೆ ಹಾಗೇ ಉಳಿದಿದೆ. ಮಟ್ಟ ಮಾಡುವ ಮೊದಲು ಅದನ್ನು ಖಂಡಿತ ತೆಗೆಯಬೇಡಿ. ವಾಲಿದ ಪೆಟ್ಟಿಗೆಯಲ್ಲಿ ಅದು ಒಂದು ಮೂಲೆಗೆ ಒರಸಿಕೊಂಡು ಹೊರಡುತ್ತದೆ, ಮೋಟಾರು ತಿಣುಕುತ್ತದೆ. ಸ್ಟೆಬಿಲೈಸರ್‌ಗೆ ಮುಂಚೆಯೋ ಆಮೇಲೋ ಅನ್ನುವುದು ತಯಾರಕರನ್ನು ಅವಲಂಬಿಸಿದೆ, ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ಯಾವ ಕ್ರಮವೇ ಆಗಲಿ, ಸ್ಲೈಡ್ ಹೊರಗೆ ಬಂದ ಮೇಲೆ ಎಡಗಡೆ ಒಂದಿಷ್ಟು ಕೂರುತ್ತದೆ, ಮತ್ತೊಮ್ಮೆ ಅಳೆಯಿರಿ. ಕೂರುವುದು ಗೊತ್ತಿದ್ದವರು ಹಲಗೆ ಹಾಕುವಾಗಲೇ ಆ ಕಡೆ ಕೂದಲೆಳೆಯಷ್ಟು ಎತ್ತರ ಇಟ್ಟಿರುತ್ತಾರೆ.

ಜಲ್ಲಿ_ಮಣ್ಣು:

ಜಲ್ಲಿ ಅಂದಿದ್ದೀರಿ, ಅದಕ್ಕೆ ಎರಡು ಮಾತು. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಬ್ಲಾಕ್‌ಗಳು ತೆಳ್ಳಗಿನ ಪಕ್ಕೆಗಳ ಮೇಲೆ ನಿಂತಿರುತ್ತವೆ. ಕೆಳಗೆ ದಪ್ಪ ಕಲ್ಲೊಂದು ಉಳಿದಿದ್ದರೆ ಅಲ್ಲೇ ಸೀಳುತ್ತವೆ. ಕಾಲಲ್ಲಿ ಜಲ್ಲಿ ಸರಿಸಿ, ಚಪ್ಪಟೆ ಮಾಡಿ, ಅಡಿಯಲ್ಲಿ 18 ಮಿ.ಮೀ. ಪ್ಲೈವುಡ್ ಹಾಸಿ. ಟೈರ್ ಹತ್ತುವಾಗ ಹಲಗೆ ಮುಂದಕ್ಕೆ ಜಾರಿದರೆ ಅದರ ಕೆಳಗೆ ಹಳೆಯ ರಬ್ಬರ್ ಮ್ಯಾಟ್ ತುಂಡು ಹಾಕಿ, ನಿಲ್ಲುತ್ತದೆ.

ಬಾಗಿದ ರ‍್ಯಾಂಪ್ ಮಾದರಿಯದ್ದು ಕೊಳ್ಳುವ ಯೋಚನೆ ಇದ್ದರೆ ಮೊದಲು ಎರಡು ಟೈರ್‌ಗಳ ನಡುವಿನ ಸಂದು ಅಳೆಯಿರಿ. ನಿಮ್ಮಂಥ ಟ್ರೈಲರ್‌ನಲ್ಲಿ ಅದು ಸಾಮಾನ್ಯವಾಗಿ 15 ಸೆಂ.ಮೀ. ಆಸುಪಾಸು. ಒಂದು ಟೈರ್‌ಗೆ ಹಾಕಿದ ರ‍್ಯಾಂಪಿನ ತುದಿ ಇನ್ನೊಂದಕ್ಕೆ ಒದೆಯುತ್ತದೆ. ತೆಳುವಾದ ತುದಿಯನ್ನು ಕುಯ್ದು ಕೂರಿಸುವವರಿದ್ದಾರೆ, ಹಾಗೆ ಕುಯ್ಯಬಹುದು ಅಂತ ತಯಾರಕರು ಹೇಳಿದ್ದರೆ ಮಾತ್ರ.

ಸ್ಟೆಬಿಲೈಸರ್ ಪಾದಗಳ ಕೆಳಗೂ 30 × 30 ಸೆಂ.ಮೀ. ಪ್ಲೈವುಡ್ ಚೌಕ ಕೊಡಿ. ಮಳೆ ಬಂದ ರಾತ್ರಿ ಮೂತಿ ಜ್ಯಾಕೇ ಮೊದಲು ಹೂತುಹೋಗುವುದು, ಏಕೆಂದರೆ ಇರುವ ಆಸರೆಗಳಲ್ಲಿ ಅತಿ ಚಿಕ್ಕ ಪಾದಕ್ಕೆ ದೊಡ್ಡ ಭಾರ ಅದರದ್ದೇ. ಬೆಳಿಗ್ಗೆ ಎದ್ದು ಮಟ್ಟ ತಪ್ಪಿದ್ದರೆ ನಾಲ್ಕೂ ಸ್ಟೆಬಿಲೈಸರ್ ಸಡಿಲಿಸಿ, ಮೂತಿ ಸರಿಮಾಡಿ, ಆಮೇಲೆ ಮತ್ತೆ ಬಿಗಿ ಮಾಡಿ. ಅವನ್ನು ಬಿಗಿಯಾಗಿಯೇ ಬಿಟ್ಟು ಮೂತಿ ಏರಿಸಿದರೆ ಹಿಂದಿನವು ಚಾಸಿಯನ್ನು ಎತ್ತಲು ಶುರು ಮಾಡುತ್ತವೆ.